ಯಾರ ಲೆಕ್ಕದಲ್ಲಿ ಮಧ್ಯಮ?

ಆಸ್ಪತ್ರೆ, ಮೂರನೆಯ ಮಹಡಿ, ಕಿಟಕಿ ಪಕ್ಕದ ಹಾಸಿಗೆ
ಮಾರ್ಚ್ ೧೧, ಮಂಗಳವಾರ

ಪ್ರೀತಿಯ ಗುಬ್ಬೀ,

ಹೇಗಿದ್ದೀಯ ಮಗಳೇ? ಹೊತ್ತುಹೊತ್ತಿಗೆ ಉಣ್ಣುತ್ತಿದ್ದೀಯ ತಾನೇ? ಕಡಲು ಕುಲುಕಿದಾಗ ಬರುತ್ತಿದ್ದ ತಲೆಸುತ್ತು ಈಗ ಹೇಗಿದೆ? ಮೇಲಿನ ವಿಳಾಸ ಓದಿ ಎದೆ ಒಡೆದುಕೊಳ್ಳಬೇಡ. ನನ್ನ ಎದೆಯನ್ನು ಆಗಲೇ ಸೀಳಿ ಹೊಲಿದಾಗಿದೆ. ಒಂದು ಮನೆಗೆ ಒಂದು ಸಾಕು. ಹೃದಯಕ್ಕೆ ಹೊಸ ಕವಾಟ ಹಾಕಿ ಎಂಟು ದಿನವಾಯಿತು, ನಿನ್ನೆ ಎರಡು ಸುತ್ತು ನಡೆದೆ. ಹಡಗು ನಡುನೀರಿನಲ್ಲಿರುವಾಗ ಹೇಳಿ ನಿನ್ನನ್ನು ಒದ್ದಾಡಿಸುವುದೇಕೆಂದು ನಿನ್ನಪ್ಪನ ಬಾಯಿಗೆ ಬೀಗ ಹಾಕಿದವಳು ನಾನೇ. ಬೈಯುವುದಿದ್ದರೆ ನನ್ನನ್ನೇ ಬೈ.

ಇಪ್ಪತ್ತೆಂಟು ವರ್ಷ ಅಂಚೆ ಚೀಲ ಹೊತ್ತು ಹತ್ತಿದ ಮೆಟ್ಟಿಲುಗಳೇ. ಆದರೆ ಕಳೆದ ವರ್ಷ ಗಡಿಯಾರದಂಗಡಿಯ ಮೇಲಿನ ಮನೆಗಳಿಗೆ ಕಾಗದ ಕೊಡಲು ಹೋದರೆ ಎರಡನೆಯ ಮಹಡಿಯಲ್ಲೇ ಗೋಡೆ ಹಿಡಿದು ನಿಲ್ಲುವಂತಾಯಿತು. ಒಂದು ದಿನ ಕಣ್ಣು ಕತ್ತಲೆ ಬಂದು ಬಿದ್ದೆ, ಕಾಗದಗಳೆಲ್ಲ ಚೆಲ್ಲಾಪಿಲ್ಲಿ. ಹೃದಯದ ಡಾಕ್ಟರು ಪರೀಕ್ಷೆ ಮಾಡಿಸಿ, "ಕವಾಟ ಕಿರಿದಾಗಿದೆ, ಆದ್ರೆ ಮಧ್ಯಮ ಅಷ್ಟೇ. ವಯಸ್ಸಾಯ್ತಲ್ಲಮ್ಮ, ಟೆನ್ಷನ್ ಬಿಡಿ. ವರ್ಷ ಬಿಟ್ಟು ಬನ್ನಿ" ಅಂದರು. ನಿನ್ನಪ್ಪನಿಗೆ ಹಾಲು ಕುಡಿದಷ್ಟು ಸಂತೋಷ. ನನಗೆ ಒಪ್ಪಿಗೆಯಾಗಲಿಲ್ಲ. ಮಧ್ಯಮ ರೋಗಕ್ಕೆ ನಾನು ನೆಲ ಹಿಡಿಯುವುದೇ?

ಮೂರೇ ತಿಂಗಳಿಗೆ ಮತ್ತೆ ಹೋಗಿ, "ಇನ್ನೊಂದು ಪರೀಕ್ಷೆ ಇದ್ರೆ ಮಾಡಿಸಿ, ಇಲ್ದಿದ್ರೆ ಈ ಕುರ್ಚಿ ಬಿಡಲ್ಲ" ಎಂದು ಕೂತೆ. ಕವಾಟಕ್ಕೆ ಎಷ್ಟು ಸುಣ್ಣ, ಅಂದರೆ ಕ್ಯಾಲ್ಸಿಯಂ, ಕಟ್ಟಿದೆಯೆಂದು ಅಳೆಯುವ ಸಿ.ಟಿ. ಸ್ಕ್ಯಾನ್ ಆಯಿತು. ಬಂದ ಅಂಕಿ ಸಾವಿರದ ನಾನೂರ ಮೂವತ್ತು. "ಎರಡು ಸಾವಿರ ದಾಟಿದ್ರೆ ತೀವ್ರ. ಇನ್ನೂ ದೂರ ಇದೆ" ಎಂದು ಡಾಕ್ಟರು ಫೈಲು ಮುಚ್ಚಿದರು. ಹೊರಗೆ ಸ್ಕ್ಯಾನ್ ತೆಗೆದ ಹೆಣ್ಣುಮಗಳು ನನ್ನ ತೋಳು ಹಿಡಿದು ಪಿಸುಗುಟ್ಟಿದಳು: "ಅಮ್ಮಾ, ಎರಡು ಸಾವಿರ ಗಂಡಸರ ಲೆಕ್ಕ. ಹೆಂಗಸರಿಗೆ ಸಾವಿರದ ಇನ್ನೂರಕ್ಕೇ ತೀವ್ರ. ನಮ್ಮ ಕವಾಟ ಕಡಿಮೆ ಸುಣ್ಣಕ್ಕೇ ಬಿಗಿದುಕೊಳ್ಳುತ್ತೆ. ನಾನು ಹೇಳಿದೆ ಅನ್ಬೇಡಿ."

ಅನ್ನಲಿಲ್ಲ. ಆದರೆ ನೇರ ಒಳಗೆ ಹೋದೆ. ನಿನ್ನಪ್ಪ ಕೈ ಹಿಡಿದೆಳೆದು, "ದೊಡ್ಡವರ ಹತ್ರ ವಾದ ಬೇಡ ಕಣೇ" ಅಂದರು. ಕೈ ಕೊಡವಿಕೊಂಡೆ. "ಡಾಕ್ಟ್ರೇ, ಆ ಎರಡು ಸಾವಿರ ಯಾರ ಲೆಕ್ಕ? ಹೆಂಗಸರದ್ದು ಬೇರೆ ಇದೆಯಂತಲ್ಲ, ತೆಗೆದು ನೋಡಿ. ಕಾಯ್ತೀನಿ." ಅವರ ಮುಖ ಕೆಂಪಾಯಿತು. ಯಾರು ಹೇಳಿದ್ದೆಂದು ಕೇಳಿದರು. "ಯಾರಾದ್ರೂ ಹೇಳ್ಲಿ, ಸುಳ್ಳಾದ್ರೆ ಸುಳ್ಳು ಅನ್ನಿ" ಅಂದೆ. ಹತ್ತು ನಿಮಿಷ ಕಂಪ್ಯೂಟರಿನಲ್ಲಿ ತಡಕಾಡಿ, ಕನ್ನಡಕ ತೆಗೆದು ಒರೆಸಿ, "ನಿಜ ಕಣಮ್ಮಾ. ತಪ್ಪು ನನ್ನದೇ. ಕವಾಟ ಬದಲಾಯಿಸಲೇಬೇಕು" ಅಂದರು. ತಪ್ಪೊಪ್ಪಿಕೊಂಡ ಮನುಷ್ಯನ ಮೇಲೆ ನನಗೆ ಸಿಟ್ಟಿಲ್ಲ. ಆದರೆ 'ಮಧ್ಯಮ' ಅನ್ನಿಸಿಕೊಂಡು ಮನೆಗೆ ಹೋದ ಬೇರೆ ಹೆಂಗಸರ ಫೈಲುಗಳನ್ನೂ ಮತ್ತೆ ನೋಡುತ್ತೇನೆಂದು ಮಾತು ಕೊಡುವವರೆಗೆ ಏಳಲಿಲ್ಲ. ಮೊನ್ನೆ ವಾರ್ಡಿಗೆ ಬಂದು, ಆರು ಜನರನ್ನು ಕರೆಸಿದ್ದೇನೆ ಅಂದರು. "ಉಳಿದವರು?" ಅಂದೆ.

ನಿನ್ನಪ್ಪ ಈಗ ಎಲ್ಲರೆದುರು ನನ್ನ ವಾದವನ್ನು ತಾವೇ ಮಾಡಿದಂತೆ ಹೇಳಿಕೊಂಡು ತಿರುಗುತ್ತಿದ್ದಾರೆ; ಹೇಳಿಕೊಳ್ಳಲಿ, ಪಾಪ. ನಿನಗೆ ಆಶೀರ್ವಾದ ತಿಳಿಸಿದ್ದಾರೆ. ನಿನ್ನ ಹಡಗು ನೆಟ್ಟಗೆ ಸಾಗಲಿ, ನೀನು ಅದಕ್ಕಿಂತ ನೆಟ್ಟಗಿರು.

ನಿನ್ನ
ಅಮ್ಮ

ತಾ.ಕ.: ನಿನ್ನಪ್ಪ ಕಾಗದಕ್ಕೆ ಕೈಚಾಚಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಮೂರು ಎಸಳಿರಬೇಕಾದ ನನ್ನ ಕವಾಟಕ್ಕೆ ಹುಟ್ಟಿನಿಂದಲೂ ಎರಡೇ ಎಸಳಂತೆ. ಹೆತ್ತವರಿಂದ ಮಕ್ಕಳಿಗೂ ಬರಬಹುದಂತೆ. ಹೋದ ಸಲ ನೀನು ಬಸ್ಸಿಗೆ ಓಡಿ, ಎದೆ ಒತ್ತಿಕೊಂಡು ನಿಂತದ್ದನ್ನು ನಾನು ನೋಡಿದ್ದೇನೆ. ಮುಂದಿನ ಬಂದರಿನಲ್ಲಿ ಇಳಿದ ಕೂಡಲೇ ಪರೀಕ್ಷೆ ಮಾಡಿಸಿಕೊಂಡು ಬರೆ. ಡಾಕ್ಟರು ಏನಂದರು ಅಂತ ಬೇಡ. ಅಂಕಿ ಬರೆ.