ಕೈಯ ಆಣೆ

ಶಹಾಬಾದ
೯ ನವೆಂಬರ್ ೧೯೫೩

ಸಂಸ್ಥಾನಗಳೆಲ್ಲ ಮುಳುಗಿದರೂ ಕೊಡ್ಲಿಯಲ್ಲಿ ಇನ್ನೂ ದರ್ಬಾರು ನಡೆಸುತ್ತಿರುವ ಗುರುದೇವಿ ಅಕ್ಕನ ಸನ್ನಿಧಾನಕ್ಕೆ, ತಮ್ಮ ರೇವಣಪ್ಪನ ಶರಣು ಶರಣಾರ್ಥಿ.

ನಿನ್ನ ಕಾಗದಗಳಿಗೆ ಉತ್ತರ ಬರೆಯದಿದ್ದುದಕ್ಕೆ ಕಿವಿ ಹಿಡಿದು ನಿಂತಿದ್ದೇನೆ. ಎಡಗಿವಿ ಮಾತ್ರ, ಬಲಗೈಯಲ್ಲಿ ಲೇಖನಿ ಇದೆ. ನಿಮ್ಮ ಎಮ್ಮೆಗೂ ಮಾವನಿಗೂ, ಇದೇ ಕ್ರಮದಲ್ಲಿ, ನನ್ನ ನಮಸ್ಕಾರ ತಿಳಿಸು.

ನಾಲವಾರದ ಮಠದಲ್ಲಿ ಸಾಯಬಣ್ಣ ಅಣ್ಣ ಕುಡಿತ ಬಿಡಲು ಮಾಡಿದ ಆಣೆ ಉಳಿದಿದೆಯೇ ಎಂದು ಕೇಳಿದ್ದೀ. ಉಳಿದಿದೆ. ಅಂಥ ನಿಷ್ಠೆಯನ್ನು ನಾನೆಲ್ಲೂ ಕಂಡಿಲ್ಲ. ಮಠದ ಗುರುಲಿಂಗಯ್ಯನವರು ಅವನ ಹಣೆಗೆ ವಿಭೂತಿ ಹಚ್ಚಿ, ಅಂಗೈ ಮೇಲೆ ಬಿಲ್ವಪತ್ರೆ ಇಟ್ಟು ನುಡಿಸಿದ್ದು ನಿನಗೆ ನೆನಪಿರಬೇಕು: "ಈ ಕೈಲಿಂದ ಇನ್ನ ಶೆರೆ ಮುಟ್ಟಂಗಿಲ್ಲ." ನೀನು ಅತ್ತುಬಿಟ್ಟೆ. ನಾನು ಬರುವಾಗ ರೈಲಿನಲ್ಲಿ ಎಲ್ಲರಿಗೂ ಬೆಲ್ಲ ಹಂಚಿದೆ. ಅಂದಿನಿಂದ ಅಣ್ಣ ಶೆರೆಯನ್ನು ಕೈಯಿಂದ ಮುಟ್ಟಿಲ್ಲ. ವೈನಿ ಕುಡಿಸುತ್ತಿದ್ದಳು.

ನಗಬೇಡ. ಮೊದಲು ನಾನು ನಕ್ಕೆ. ಅವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ತೀರ್ಥಕ್ಕೆ ಕೂತವನಂತೆ ಕಣ್ಣು ಮುಚ್ಚಿ ಬಾಯಿ ತೆರೆಯುತ್ತಿದ್ದ. ಕೈಹಿಡಿದ ಹೆಂಡತಿ, ನಮ್ಮ ಮಾಳಮ್ಮ ವೈನಿ, ಲೋಟ ಎತ್ತಿ ಹುಯ್ಯುತ್ತಿದ್ದಳು. ನಾನು ಬಾಗಿಲಲ್ಲಿ ನಿಂತು ಇಲ್ಲದ ಗಂಟೆ ಬಾರಿಸುತ್ತಿದ್ದೆ. ವೈನಿಯೂ ಒಮ್ಮೆ ನಕ್ಕಳು. ಆಮೇಲೊಂದು ದಿನ, ಇನ್ನು ಹುಯ್ಯುವುದಿಲ್ಲ ಎಂದಳು. ಅವನು ಬೆನ್ನ ಹಿಂದಿನ ಕೈ ಬಿಚ್ಚಿದ. ಹೊಡೆಯುವುದಿಲ್ಲ ಎಂದೇನೂ ಆಣೆ ಮಾಡಿರಲಿಲ್ಲವಲ್ಲ.

ಗಣಿಯ ಕೆಲಸವೂ ಹೋಯಿತು. ಫರಸಿ ಕಲ್ಲು ಸೀಳುವಾಗ ಒಬ್ಬರು ಉಳಿ ಹಿಡಿಯಬೇಕು, ಇನ್ನೊಬ್ಬರು ಸುತ್ತಿಗೆ ಹೊಡೆಯಬೇಕು. ಅಣ್ಣನ ಸುತ್ತಿಗೆ ಎದುರು ಉಳಿ ಹಿಡಿದಿದ್ದ ಮಜೀದಸಾಬರ ಹೆಬ್ಬೆರಳ ಮೇಲೆ ಬಿತ್ತು. ಅವರು ಕೈಗೆ ಬಟ್ಟೆ ಸುತ್ತಿಕೊಂಡು ಮನೆತನಕ ಬಂದು ಹೇಳಿದರು: "ಬೇಟಾ, ನಿಮ್ಮಣ್ಣನ ಮ್ಯಾಲ ನಂದೇನ್ ಸಿಟ್ಟಿಲ್ಲ. ಆದ್ರ ಅವನ ಎದುರ ಉಳಿ ಹಿಡಿಯೋರು ಈಗ ಯಾರೂ ಇಲ್ಲ."

ಹೋದ ಶುಕ್ರವಾರ ವೈನಿ ಚಿತ್ತಾಪುರಕ್ಕೆ, ತವರಿಗೆ ಹೋದಳು. ತುಟಿ ಒಡೆದಿತ್ತು, ಆ ತುಟಿಯಿಂದಲೇ ನನಗೆ ರೊಟ್ಟಿ ಎಲ್ಲಿಟ್ಟಿದೆ ಎಂದು ತಿಳಿಸಿದಳು. ಸವಾರಿ ತಿರುಗಿ ಬರುವುದು ಯಾವಾಗ ಎಂದು ಕೇಳಿದೆ, ನನ್ನ ದರಿದ್ರ ಅಭ್ಯಾಸ.

"ಆ ಕೈ ಇನ್ನೊಂದು ಆಣಿ ಮಾಡಲಿ," ಎಂದಳು. "ಆವಾಗ ಬರ್ತೀನಿ."

ಗುರುಲಿಂಗಯ್ಯನವರನ್ನು ಕಂಡೆ. ಈ ಸಲ ಬಾಯನ್ನೂ ಸೇರಿಸಿ ಆಣೆ ಮಾಡಿಸೋಣ, ಕರೆದುಕೊಂಡು ಬಾ ಎಂದರು. ಕರೆತರುವುದು ಹೇಗೆ? ಅಣ್ಣ ಯಾರ ಮಾತಿಗೂ ಏಳುವುದಿಲ್ಲ. ಕುಡಿಯದಿದ್ದರೆ ಮೈ ನಡುಗಿ, ಗೋಡೆಯ ಮೇಲೆ ಇಲ್ಲದ ಇರುವೆಗಳನ್ನು ಒರೆಸುತ್ತ ಕೂರುತ್ತಾನೆ. ಅವನು ಇಂದಿಗೂ ಅಂಜುವುದು ನಿನಗೊಬ್ಬಳಿಗೆ. ಕಾಗದ ಮುಟ್ಟಿದ ಕೂಡಲೇ ಹೊರಡು. ಎಮ್ಮೆಯನ್ನು ಮಾವ ಹಿಂಡಿಕೊಳ್ಳಲಿ.

ವಯಸ್ಸಿನಲ್ಲಿ ಕಿರಿಯನಾದರೂ ಬುದ್ಧಿಯಲ್ಲಿ ಹಿರಿಯನೆಂಬ ಅಧಿಕಾರದಿಂದ ನಿನಗೂ ಮಕ್ಕಳಿಗೂ ಆಶೀರ್ವದಿಸುತ್ತೇನೆ: ನಿಮ್ಮ ಮನೆಯ ಲೋಟಗಳಲ್ಲಿ ಯಾವಾಗಲೂ ಹಾಲೇ ಇರಲಿ.

ನಿನ್ನ
ರೇವಣ

ತಾ.ಕ.: ವೈನಿ ಹೋದಮೇಲೆ ಕುಡಿಸುವವರು ಯಾರು ಎಂದು ನೀನು ಕೇಳುತ್ತೀ. ಅವನು ನೆಲಕ್ಕೆ ಬಿದ್ದು ಒದ್ದಾಡುವುದನ್ನು ನೋಡಲಾಗಲಿಲ್ಲ. ನಾನೇ. ಇವತ್ತು ಅರ್ಧಕ್ಕೇ ಮುಖ ತಿರುವಿ ಮಲಗಿದ. ಉಳಿದದ್ದನ್ನು ಚೆಲ್ಲಲೆಂದು ಅಂಗಳಕ್ಕೆ ಹೋದೆ. ಚೆಲ್ಲಲಿಲ್ಲ ಅಕ್ಕ, ಕುಡಿದೆ. ನಿನ್ನೆಯೂ. ನನ್ನ ಕೈಯಿಂದ ಇನ್ನೂ ಯಾರೂ ಆಣೆ ಮಾಡಿಸಿಲ್ಲ. ಬೇಗ ಬಾ.