ಪೆಟ್ರೋಲ್ ಮುಚ್ಚಳದ ವಿಭೂತಿ

ಮಸ್ಕಿ, ೧೯೫೧, ಸೋಮವಾರ

ಖಾಸಿಂ ಸಾಬರೇ,

ನೀವು ಈಗ ಯಾವ ಊರಲ್ಲಿದ್ದೀರೋ ತಿಳಿಯದು. ಈ ಕಾಗದ ಎಲ್ಲಿಗೂ ಹೋಗುವುದಿಲ್ಲ. ಆದರೂ ನಮ್ಮ ಕಾರಿನ ಸುದ್ದಿ ನಿಮಗಲ್ಲದೆ ಇನ್ಯಾರಿಗೆ ಹೇಳಲಿ?

ನೀವು ಡ್ರೈವರ್ ಕೆಲಸ ಬಿಟ್ಟು ಹೋದಾಗಿನಿಂದ ಅದು ಆಗಾಗ ನಡುದಾರಿಯಲ್ಲಿ ನಿಲ್ಲುತ್ತಿತ್ತು. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಚಾಲೂ ಆಗುತ್ತಿತ್ತು. ಲಿಂಗಸುಗೂರಿನ ಮಿಸ್ತ್ರಿ ಕಾರ್ಬುರೇಟರ್ ತೊಳೆದ, ಪ್ಲಗ್ ಬದಲಿಸಿದ, ಏನೂ ಸಿಗಲಿಲ್ಲ. "ಆ ಡ್ರೈವರ್ ಹೋಗೋ ಮುಂದ ಏನೋ ಮಾಡಿಟ್ಟು ಹೋಗ್ಯಾನ," ಎಂದಳು ಅವ್ವ.

ಇವತ್ತು ಸಂತೆಕಲ್ಲೂರಿನ ಹತ್ತಿರ ನಿಂತಿತು. ಪೆಟ್ರೋಲ್ ಇದೆಯೋ ನೋಡೋಣವೆಂದು ಹಿಂದಿನ ಮುಚ್ಚಳ ತಿರುಗಿಸಿದೆ. ಟ್ಯಾಂಕಿ ಸುಸ್ಸೆಂದು ಗಾಳಿ ಎಳೆದುಕೊಂಡಿತು, ಕಾರು ಚಾಲೂ ಆಯಿತು. ಮುಚ್ಚಳದಲ್ಲಿ ಗಾಳಿಗೆಂದು ಒಂದು ಸಣ್ಣ ತೂತಿದೆ; ಅದು ಕಟ್ಟಿಕೊಂಡರೆ ಇಂಜಿನ್ನಿಗೆ ಪೆಟ್ರೋಲ್ ಹರಿಯುವುದಿಲ್ಲ. ಸೋಮವಾರದ ಪೂಜೆಯಲ್ಲಿ ಅವ್ವ ಕಾರಿಗೆ, ಆ ಮುಚ್ಚಳಕ್ಕೂ ಹಚ್ಚುವ ವಿಭೂತಿ ಅದರೊಳಗೆ ಗಟ್ಟಿಯಾಗಿ ಕೂತಿತ್ತು.

ನೀವು ಊರು ದಾಟಿ, ಹಳ್ಳದ ಹತ್ತಿರ ಇಳಿದು, ಅದನ್ನು ಒರೆಸುತ್ತಿದ್ದಿರಿ. ತೂತಿನ ಸಂಗತಿ ಗೊತ್ತಿತ್ತೆ? ಬರೀ ಧೂಳೆಂದುಕೊಂಡಿರಾ? ಒಂದು ದಿನ ಅವ್ವ ಕಂಡು, "ನಮ್ಮ ವಿಭೂತಿ ಒರಸ್ತೀಯೇನೋ? ನಾಳಿಂದ ಬರಬ್ಯಾಡ," ಎಂದಳು. "ಆತ್ರೀ ಅಮ್ಮಾ," ಎಂದಷ್ಟೇ ಹೇಳಿ ಕೀಲಿ ನನ್ನ ಕೈಗಿಟ್ಟಿರಿ. ಕಾರಣ ಹೇಳಬಾರದಿತ್ತೆ? ನಿಜಾಮನ ರಜಾಕಾರರ ಗಲಾಟೆ ಆಗಷ್ಟೇ ಮುಗಿದಿತ್ತು. ಹೇಳಿದ್ದರೆ ನಾವು ನಂಬುತ್ತಿದ್ದೆವೆ? ಒಂದೂ ತಿಳಿಯುತ್ತಿಲ್ಲ.

ಸಂಜೆ ಅವ್ವ ಕೇಳಿದಳು: "ಕಾರಿಗೇನಾಗಿತ್ತೋ ಕರಿಬಸಪ್ಪ?"

"ಪೆಟ್ರೋಲಿನಾಗ ಕಸ ಸಿಕ್ಕಿತ್ತು ಬೇ," ಎಂದೆ.

ಮುಂದಿನ ಸೋಮವಾರ ಅವ್ವ ಮತ್ತೆ ವಿಭೂತಿ ಹಚ್ಚುತ್ತಾಳೆ. ಅದೇ ಹಳ್ಳದ ಹತ್ತಿರ, ಅತ್ತಿತ್ತ ನೋಡಿ, ನಾನೂ ಇಳಿಯುತ್ತೇನೆ.