ಆರನೆಯ ಸಂಪುಟದ ಕೊನೆಯ ಹಾಳೆಗಳು

5 ನವೆಂಬರ್ 1978, ರವಿವಾರ

ಪುಣೆಯ ಜೂನಾ ಬಜಾರದ ಹಳೆಯ ಪುಸ್ತಕದಂಗಡಿಗಳನ್ನೆಲ್ಲ ಸುತ್ತಿದೆ. ಇವತ್ತೂ ಸಿಗಲಿಲ್ಲ. ದಖ್ಖನ್ನಿನ ಇತಿಹಾಸ, ಎಂಟು ಸಂಪುಟ, 1868ರ ಲಂಡನ್ ಮುದ್ರಣ — ಏಳು ನನ್ನ ಕಪಾಟಿನಲ್ಲಿವೆ. ಆರನೆಯದಿಲ್ಲ. ಒಂಬತ್ತು ವರ್ಷದಿಂದ ಆ ಜಾಗ ಖಾಲಿ, ಬಿದ್ದ ಹಲ್ಲಿನಂತೆ.

ಪೇಪರಿನಲ್ಲಿ ನಿಧನ ವಾರ್ತೆ: ಸದಾಶಿವ ಪೇಠದ ರಘುರಾಮ ಮಾಸ್ತರರು, ನಮ್ಮ ಧಾರವಾಡ ಕಡೆಯವರು. ಆರನೆಯದು ಅವರಲ್ಲಿತ್ತು. ಕೇಳಿದರೆ ಮುಟ್ಟಗೊಟ್ಟಿರಲಿಲ್ಲ. ಹದಿಮೂರನೆಯ ದಿನ 16ಕ್ಕೆ. 17ಕ್ಕೆ ಹೋಗಬೇಕು, ರದ್ದಿಯವನಿಗಿಂತ ಮೊದಲು. ಸಾವಾದ ಎಲ್ಲ ಮನೆಗೂ ನನ್ನದು ಇದೇ ಪದ್ಧತಿ.

"ಹದ್ದಿಗೆ ವಾಸನಿ ಬಂತು" ಎಂದಳು ಹೆಂಡತಿ ಶಿವಗಂಗವ್ವ.

17 ನವೆಂಬರ್

ಸಿಕ್ಕಿತು! ಮಾಸ್ತರರ ಹೆಂಡತಿ ಗೌರಾಬಾಯಿ ಮೊದಲು ಕೊಡಲೊಲ್ಲೆ ಎಂದರು. "ಬ್ಯಾರೆ ಯಾವುದರ ಒಯ್ಯರಿ. ಇದನ್ನ ಅವರು ದಿನಾ ಸಂಜಿಕೆ ಓದಿ ನನಗ ಕನ್ನಡದಾಗ ಹೇಳ್ತಿದ್ರು. ನಡಕ ನಿಂತದ."

ಬೈಂಡಿಂಗ್ ಬಿಚ್ಚಿಕೊಂಡಿದೆ, ತಿಂಗಳಲ್ಲಿ ಸರಿಮಾಡಿಸಿ ತಂದು ಕೊಡುತ್ತೇನೆ ಎಂದೆ. ಸುಳ್ಳು. ನಂಬಿದರು.

18 ನವೆಂಬರ್

ಹಳೆಯ ಕಾಲದ ಪುಸ್ತಕ. ಅಂಚು ಕೂಡಿಕೊಂಡ ಹಾಳೆಗಳನ್ನು ಓದುವವನೇ ಚಾಕುವಿನಿಂದ ಬಿಡಿಸಿಕೊಳ್ಳಬೇಕು. ಮಾಸ್ತರರು 224ನೇ ಪುಟದವರೆಗೆ ಬಿಡಿಸಿದ್ದಾರೆ, ಒರಟೊರಟಾಗಿ. ಉಳಿದ 48 ಪುಟ ಹಾಗೇ. ನಾನು ಮುಟ್ಟುವುದಿಲ್ಲ — ಬಿಡಿಸದ ಹಾಳೆ ಎಂದರೆ ನಮ್ಮಂಥ ಸಂಗ್ರಾಹಕರಿಗೆ ಚಿನ್ನ.

29 ನವೆಂಬರ್

240ನೇ ಪುಟದವರೆಗೆ ಯಾರೋ ಬಿಡಿಸಿದ್ದಾರೆ! ನಾನಲ್ಲ. ಕಪಾಟಿನ ಕೀಲಿ ನನ್ನ ಉಡದಾರದಲ್ಲಿದೆ. ಶಿವಗಂಗವ್ವನನ್ನು ಕೇಳಿದೆ.

"ನನಗ ಕಸಾ ಹೊಡ್ಯಾಕ ಪುರಸೊತ್ತಿಲ್ಲ, ನಿಮ್ಮ ಹಾಳಿ ಹರಕೋತ ಕೂಡ್ಲೇನ್ರಿ?"

ಅದೇ ಒರಟು ಅಂಚು...

11 ಡಿಸೆಂಬರ್

ಈಗ 256ರವರೆಗೆ. ಕಪಾಟು ತೆರೆದರೆ ನಶ್ಯದ ವಾಸನೆ. ನಮ್ಮ ಮನೆಯಲ್ಲಿ ಯಾರೂ ನಶ್ಯ ಏರಿಸುವುದಿಲ್ಲ. ಮಾಸ್ತರರು ಏರಿಸುತ್ತಿದ್ದರು. ಹೆದರಿಕೆಯಾಗುತ್ತಿದೆ. ಬೇಡಪ್ಪ ಈ ಸಂಪುಟ. ನಾಳೆ ಕೊಟ್ಟುಬರುತ್ತೇನೆ.

12 ಡಿಸೆಂಬರ್

ಪುಸ್ತಕ ಚೀಲದಲ್ಲಿಟ್ಟುಕೊಂಡು ಹೋದೆ. ಗೌರಾಬಾಯಿ ತುಂಬ ಸೊರಗಿದ್ದಾರೆ. ಮುಖದಲ್ಲಿ ಮಾತ್ರ ನಗು.

"ಅವಸರ ಇಲ್ಲರೀ ಶಿವರುದ್ರಪ್ಪನವರ. ಅವರು ಸಂಜಿಕೆ ಬಂದು ಹೇಳ್ತಾರಲ್ಲ. ಇನ್ನ ಹದಿನಾರ ಪುಟ ಉಳದಾವಂತ. ಮುಗದ ಮ್ಯಾಲೆ ನನ್ನೂ ಕರಕೊಂಡು ಹೋಗ್ತಾರಂತ."

ಕೈ ಚೀಲದೊಳಗೇ ಉಳಿಯಿತು. ಬೈಂಡಿಂಗ್ ಇನ್ನೂ ಆಗಿಲ್ಲ ಎಂದೆ. ಮತ್ತೆ ಅದೇ ಸುಳ್ಳು. ಈ ಸಲ ಅವರಿಗಾಗಿ. ಆ ಹದಿನಾರು ಪುಟ ಬಿಡಿಸಗೊಡಬಾರದು.

20 ಡಿಸೆಂಬರ್

ಆಫೀಸಿಗೆ ಎಂಟನೆಯ ದಿನ ರಜೆ. ಪುಸ್ತಕಕ್ಕೆ ಸುತಳಿ ಬಿಗಿದು, ಅರಗಿನ ಮುದ್ರೆ ಒತ್ತಿ, ತೊಡೆಯ ಮೇಲಿಟ್ಟುಕೊಂಡು ಕೂತಿದ್ದೇನೆ. ಶಿವಗಂಗವ್ವ ಈಗ ತಮಾಷೆ ಮಾಡುತ್ತಿಲ್ಲ. ಊಟದ ತಾಟು ಪಕ್ಕದಲ್ಲಿಟ್ಟು ಹೋಗುತ್ತಾಳೆ.

21 ಡಿಸೆಂಬರ್, ಸಂಜೆ 6

ಮುದ್ರೆ ಒಡೆದಿಲ್ಲ. ಸುತಳಿ ಬಿಗಿಯಾಗೇ ಇದೆ. ಒಳಗೆ ಸರ್ ಸರ್ ಸದ್ದು. ಧೋತರದ ಮೇಲೆ ಕಾಗದದ ಚೂರುಗಳು ಬೀಳುತ್ತಿವೆ, ಒಂದೊಂದೇ... ಮಾಸ್ತರರೇ, ಕೈ ಮುಗಿಯುತ್ತೇನೆ, ಒಂದು ಹಾಳೆ ಬಿಡಿಸದೆ ಬಿಡಿ. ಒಂದೇ ಒಂದು. ನಾನು ಓಡಿಹೋಗಿ ಗೌರಾಬಾಯಿಯವರ ಮನೆ ಮುಟ್ಟುವವರೆಗಾದರೂ ಅವರು—